ಅಂಗಳದ ಬಾತುಗಳು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಮನೆಯಲ್ಲಿ ಬಾತುಕೋಳಿ ಸಾಕಿರುವವರಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಮೊದಲು ಕೋಳಿ ಸಾಕಿ ಅಭ್ಯಾಸವಿದ್ದವರು. ಕೋಳಿಯ ಗೂಡು, ಕೋಳಿಯ ಆಹಾರ, ಕೋಳಿಯ ನೀರಿನ ತಟ್ಟೆ, ಕೋಳಿಯ ಕಾವಿನ ಲೆಕ್ಕವನ್ನೇ ಅವರು ಬಾತಿಗೂ ಅನ್ವಯಿಸಿದ್ದಾರೆ. ಪತ್ರಗಳಲ್ಲಿರುವ ತೊಂದರೆಗಳಲ್ಲಿ ಬಹುಪಾಲು ಹುಟ್ಟಿರುವುದು ಅಲ್ಲಿಂದಲೇ. ಹಾಗಾಗಿ ಈ ವ್ಯತ್ಯಾಸವನ್ನು ಒಂದಕ್ಕಿಂತ ಹೆಚ್ಚು ಸಲ ಹೇಳಬೇಕಾಗಿ ಬಂದರೆ ಓದುಗರು ಬೇಸರಿಸಬಾರದು.

ಪ್ರಶ್ನೆ: ಡಾಕ್ಟರೇ, ಊರ ಜಾತ್ರೆಯಲ್ಲಿ ಮಗಳು ಹಟ ಹಿಡಿದಳೆಂದು ಮೂರು ಬಾತುಮರಿಗಳನ್ನು ಕೊಂಡು ತಂದೆವು. ನೀರೆಂದರೆ ಅವಕ್ಕೆ ಪ್ರಾಣವೆಂದುಕೊಂಡು ಅರ್ಧ ಬಕೆಟ್ ನೀರಿನಲ್ಲಿ ಬಿಟ್ಟೆವು. ಚೆನ್ನಾಗಿಯೇ ಈಜುತ್ತಿದ್ದವು, ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಸತ್ತಿತ್ತು. ಬಾತು ನೀರಿನಲ್ಲಿ ಮುಳುಗುವುದುಂಟೆ? ಉಳಿದ ಎರಡನ್ನು 30–40ರ ಸೈಟಿನ ಮನೆಯಲ್ಲಿ ಸಾಕಬಹುದೆ? (ಬೆಂಗಳೂರು)

ಉತ್ತರ: ಮರಿಯಾಗಿದ್ದಾಗ ಮುಳುಗುವುದುಂಟು, ಮೈ ನೆನೆದು ಚಳಿ ಹಿಡಿದು ಸಾಯುವುದು ಇನ್ನೂ ಹೆಚ್ಚು. ಬೆಳೆದ ಬಾತಿನ ಬಾಲದ ಬುಡದಲ್ಲಿ ಒಂದು ಎಣ್ಣೆಗ್ರಂಥಿ ಇರುತ್ತದೆ. ಸ್ನಾನ ಮುಗಿಸಿ ಬಿಸಿಲಿಗೆ ಬಂದು ನಿಂತ ಬಾತನ್ನು ಸ್ವಲ್ಪ ಹೊತ್ತು ಗಮನಿಸಿದರೆ, ಅದು ಕತ್ತನ್ನು ಹಿಂದಕ್ಕೆ ಹೊರಳಿಸಿ, ಕೊಕ್ಕಿನಿಂದ ಬಾಲದ ಬುಡವನ್ನು ಒತ್ತಿ, ಒಸರಿದ ಎಣ್ಣೆಯನ್ನು ಕೆನ್ನೆಗೂ ಗದ್ದಕ್ಕೂ ಸವರಿಕೊಂಡು, ಆಮೇಲೆ ಎದೆ, ರೆಕ್ಕೆ, ಹೊಟ್ಟೆಯ ಗರಿಗಳನ್ನು ಒಂದೊಂದಾಗಿ ಎಳೆದು ತೀಡುವುದು ಕಾಣುತ್ತದೆ. ಗರಿಗಳು ಒತ್ತಾಗಿ ಹೆಣೆದುಕೊಂಡು ಮೇಲೆ ಎಣ್ಣೆಯ ಲೇಪ ಇರುವುದರಿಂದ ನೀರು ಚರ್ಮಕ್ಕೆ ಇಳಿಯುವುದಿಲ್ಲ. ಮರಿಯ ಮೈಮೇಲಿರುವುದು ಬರಿಯ ತುಪ್ಪುಳು. ತಾಯಿಯ ಹೊಟ್ಟೆಯಡಿ ಮಲಗಿದಾಗ ಆಕೆಯ ಗರಿಯ ಎಣ್ಣೆ ಮರಿಗೂ ಹತ್ತುತ್ತದೆ. ಯಂತ್ರದ ಕಾವಿನಲ್ಲಿ ಒಡೆದು ಬುಟ್ಟಿಯಲ್ಲಿ ಜಾತ್ರೆಗೆ ಬಂದ ಮರಿಗೆ ಆ ಅನುಕೂಲ ಇಲ್ಲ. ಬಕೆಟ್ಟಿನ ನುಣುಪಾದ ಗೋಡೆ ಹತ್ತಿ ಹೊರಬರುವುದಂತೂ ಆಗದ ಮಾತು.

ಉಳಿದ ಎರಡನ್ನು ಮೊದಲ ವಾರ 30ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಡಿ. ರಟ್ಟಿನ ಪೆಟ್ಟಿಗೆಯೊಂದರ ಮೂಲೆಗೆ ಬಲ್ಬು ತೂಗುಹಾಕಿದರೆ ಸಾಕು. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಬಿಸಿ ಇಳಿಸುತ್ತ ಹೋಗಿ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ, ದೂರದ ಮೂಲೆಗೆ ಸರಿದು ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ ಎಂದು ತಿಳಿಯಬೇಕು. ಕುಡಿಯುವ ನೀರಿನ ಪಾತ್ರೆಯಲ್ಲಿ ಬೆಣಚುಕಲ್ಲು ತುಂಬಿ, ಕೊಕ್ಕು ಮತ್ತು ಮೂಗಿನ ಹೊಳ್ಳೆ ಮುಳುಗುವಷ್ಟು ಮಾತ್ರ ಜಾಗ ಬಿಡಿ. ಈಜಾಟವೇನಿದ್ದರೂ ಗರಿ ಮೂಡತೊಡಗಿದ ಮೇಲೆ, ಅಂದರೆ ನಾಲ್ಕೈದು ವಾರ ಕಳೆದ ಮೇಲೆ, ನೀವು ಪಕ್ಕದಲ್ಲಿದ್ದು ಬಿಸಿಲು ಹೊತ್ತಿನಲ್ಲಿ ಆಡಿಸಬೇಕಾದದ್ದು.

ಸೈಟಿನ ಮನೆಯಲ್ಲಿ ಎರಡು ಬಾತು ಸಾಕಲು ಅಡ್ಡಿಯಿಲ್ಲ. ರಾತ್ರಿಯ ಗೂಡಿನಲ್ಲಿ ಒಂದಕ್ಕೆ ಮೂರು–ನಾಲ್ಕು ಚದರ ಅಡಿ, ಹಗಲು ಓಡಾಡಲು ಹತ್ತು–ಹದಿನೈದು ಚದರ ಅಡಿ ಸಿಗಬೇಕು. ಆದರೆ ಆ ಜಾಗವೆಲ್ಲ ಸಿಮೆಂಟಾಗಿದ್ದರೆ ಕಷ್ಟ. ಕೋಳಿಗಿಂತ ಭಾರವಾದ ಮೈ, ಮೆತ್ತನೆಯ ಜಾಲಪಾದ. ಗಟ್ಟಿ ನೆಲದ ಮೇಲೆಯೇ ದಿನವೂ ನಡೆದರೆ ಅಂಗಾಲು ಉಜ್ಜಿ, ಗಾಯವಾಗಿ, ಕೀವು ಗಂಟುಕಟ್ಟುತ್ತದೆ. ಒಂದು ಭಾಗದಲ್ಲಾದರೂ ಮಣ್ಣು ಅಥವಾ ಹುಲ್ಲು ಇರಲಿ. ತಾರಸಿಯ ಮೇಲೆ ಸಾಕುವ ಯೋಚನೆಯನ್ನು ಬಿಟ್ಟುಬಿಡಿ. ಬಾತು ಮಳೆಗೆ ಹೆದರುವುದಿಲ್ಲ, ಕಾದ ತಾರಸಿಯ ಬಿಸಿಯನ್ನು ಮಾತ್ರ ತಡೆಯಲಾರದು.

ಒಂದು ಸಂತೋಷದ ಸಂಗತಿಯನ್ನೂ ಹೇಳಬೇಕು. ಮೊಟ್ಟೆಯೊಡೆದು ಬಂದ ಮರಿ ಮೊದಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ಹಚ್ಚಿಕೊಳ್ಳುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಹೆಬ್ಬಾತಿನ ಮರಿಗಳಲ್ಲಿ ಇದನ್ನು ವಿವರವಾಗಿ ಗಮನಿಸಿ 1935ರಲ್ಲಿ ಬರೆದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪ್ರಶಸ್ತಿ ಅವರಿಗೂ ಇನ್ನಿಬ್ಬರಿಗೂ ಸಂದಿತು. ನಿಮ್ಮ ಮಗಳ ಹಿಂದೆ ಮರಿಗಳು ಸಾಲಾಗಿ ಹೊರಟರೆ ಅದಕ್ಕೆ ಕಾರಣ ಇದೇ. ಒಂಟಿ ಮರಿಯಾದರೆ ಈ ಹಚ್ಚಿಕೊಳ್ಳುವಿಕೆ ಸಂಕಟಕ್ಕೆ ತಿರುಗುತ್ತದೆ. ಮಗು ಶಾಲೆಗೆ ಹೊರಟ ಗಳಿಗೆಯಿಂದ ಅದು ಕೂಗತೊಡಗುತ್ತದೆ. ಎರಡು ಉಳಿದಿರುವುದರಿಂದ ನಿಮಗೆ ಆ ಚಿಂತೆ ಇಲ್ಲ.

ಪ್ರಶ್ನೆ: ಮೂರು ವಾರದ ಬಾತುಮರಿಗಳಿಗೆ ಅಂಗಡಿಯಿಂದ ತಂದ ಕೋಳಿಮರಿ ಆಹಾರವನ್ನೇ ಹಾಕುತ್ತಿದ್ದೇನೆ. ಎರಡು ಮರಿಗಳ ಕಾಲು ಬಾಗಿದೆ, ಮಂಡಿ ಊದಿದೆ, ನಡೆಯಲಾರದೆ ಕುಂಡೆಯೂರಿ ಕೂರುತ್ತವೆ. ಕ್ಯಾಲ್ಸಿಯಂ ಕೊಟ್ಟರೂ ಗುಣವಾಗಿಲ್ಲ. ಮನೆಯಲ್ಲಿ ಕಡಲೆಕಾಯಿ ಹಿಂಡಿ ಇದೆ, ಅದನ್ನು ಹಾಕಬಹುದೆ? (ತೀರ್ಥಹಳ್ಳಿ)

ಉತ್ತರ: ನೀವು ಬರೆದ ಲಕ್ಷಣಗಳು ನಿಯಾಸಿನ್ ಎಂಬ ಬಿ-ಗುಂಪಿನ ಜೀವಸತ್ವದ ಕೊರತೆಯನ್ನು ಸೂಚಿಸುತ್ತವೆ. ಬಾತುಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಿಯಾಸಿನ್ ಬೇಕು; ಮೊಟ್ಟೆ ತಳಿಯ ಕೋಳಿಮರಿಗೆ ಅದರ ಅರ್ಧದಷ್ಟು ಸಾಕು. ಕೋಳಿಮರಿಯ ಲೆಕ್ಕದಲ್ಲಿ ತಯಾರಾದ ಆಹಾರ ಬಾತುಮರಿಗೆ ಸಾಲದೆ ಹೋಗುವುದು ಹೀಗೆ. ಆ ಆಹಾರದ ಮುಖ್ಯ ಧಾನ್ಯವಾದ ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಹಕ್ಕಿಯ ಮೈಗೆ ಸುಲಭವಾಗಿ ಹತ್ತುವುದೂ ಇಲ್ಲ. ಪಶು ಆಸ್ಪತ್ರೆಯಲ್ಲಿ ಮರಿಗಳನ್ನು ತೋರಿಸಿ, ನಿಯಾಸಿನ್ ಇರುವ ಬಿ-ಕಾಂಪ್ಲೆಕ್ಸ್ ದ್ರಾವಣವನ್ನು ಪ್ರಮಾಣ ಕೇಳಿ ತಿಳಿದು ಕುಡಿಯುವ ನೀರಿನಲ್ಲಿ ಕೊಡಿ. ಜೊತೆಗೆ ಆಹಾರಕ್ಕೆ ಬ್ರೂವರ್ಸ್ ಯೀಸ್ಟ್ ಪುಡಿ, ಬೇಯಿಸಿ ಹಿಸುಕಿದ ಹಸಿ ಬಟಾಣಿ, ಉಪ್ಪಿಲ್ಲದ ಮೀನು ಬೆರೆಸಿ. ಮೊದಲ ಕೆಲವು ದಿನಗಳಲ್ಲೇ ಹಿಡಿದರೆ ಮರಿಗಳು ಬೇಗ ಎದ್ದು ನಿಲ್ಲುತ್ತವೆ. ಮೂಳೆಯೇ ಬಾಗಿ ಗಟ್ಟಿಯಾದ ಮೇಲೆ ನೇರವಾಗುವುದು ಕಷ್ಟ, ಆದ್ದರಿಂದ ತಡಮಾಡಬೇಡಿ. ಕ್ಯಾಲ್ಸಿಯಂ ನಿಲ್ಲಿಸಿ, ಈ ವಯಸ್ಸಿನಲ್ಲಿ ಅದು ಹೆಚ್ಚಾದರೆ ಮೂತ್ರಪಿಂಡಕ್ಕೆ ಕೆಡುಕು.

ಹಿಂಡಿಯ ವಿಷಯದಲ್ಲಿ ನನ್ನ ಉತ್ತರ ಬೇಡವೆಂದೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್ಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟು, ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಈ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇಲ್ಲವೆಂಬ ಕಾರಣಕ್ಕೆ ಮುಂದೆ ಪ್ರಯೋಗಾಲಯಗಳಲ್ಲಿ ಹಿಂಡಿಯನ್ನು ಪರೀಕ್ಷಿಸಲು ಬಾತುಮರಿಗಳನ್ನೇ ಬಳಸಿದರು. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಿಂಡಿ ಸಿಗುವುದು ಕಷ್ಟ. ಕೋಳಿ ತಿಂದು ಅರಗಿಸಿಕೊಂಡ ಮುಗ್ಗಲು ಜೋಳವೇ ಬಾತಿನ ಯಕೃತ್ತನ್ನು ಕೆಡಿಸಬಲ್ಲದು. ನುಚ್ಚಕ್ಕಿ, ತಾಜಾ ತವುಡು, ಸೊಪ್ಪು, ಅಜೋಲಾ ಎಂಬ ನೀರಿನ ಸಸ್ಯ ಇವು ನಿಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಸಮತೋಲ ಆಹಾರದ ಜೊತೆಗೆ ಅವನ್ನು ಕೊಡಬಹುದು.

ಆಹಾರವನ್ನು ಒಣಗಿದ ಹಿಟ್ಟಾಗಿ ಹಾಕಬೇಡಿ. ಬಾತು ಒಂದು ಬಾಯಿ ತಿಂದು ನೀರಿಗೆ ಓಡಿ, ಕೊಕ್ಕು ಅದ್ದಿ ತಲೆ ಕೊಡವಿ, ಮತ್ತೆ ಆಹಾರಕ್ಕೆ ಬರುವ ಪ್ರಾಣಿ. ಪಕ್ಕದಲ್ಲಿ ನೀರಿಲ್ಲದಿದ್ದರೆ ಹಿಟ್ಟು ಗಂಟಲಿಗೂ ಮೂಗಿಗೂ ಮೆತ್ತಿ ಉಸಿರು ಕಟ್ಟುತ್ತದೆ. ಮುದ್ದೆಯಾಗುವಷ್ಟು ನೀರು ಕಲಸಿ ಇಟ್ಟು, ಉಳಿದದ್ದನ್ನು ಹುಳಿಯಾಗುವ ಮೊದಲೇ ಎತ್ತಿಬಿಡಿ.

ಪ್ರಶ್ನೆ: ನಮ್ಮ ಬಾತುಗಳು ಬೆಳಗಿನ ಜಾವದಿಂದಲೇ ಕೂಗುತ್ತವೆ. ಪಕ್ಕದ ಮನೆಯವರು ಸದ್ದಿನ ಬಗ್ಗೆಯೂ ವಾಸನೆಯ ಬಗ್ಗೆಯೂ ದೂರುತ್ತಿದ್ದಾರೆ. ಏನು ಮಾಡಬಹುದು? (ಕುಂದಾಪುರ)

ಉತ್ತರ: ಊರಿಗೆಲ್ಲ ಕೇಳುವಂತೆ ಕೂಗುವುದು ಹೆಣ್ಣು ಬಾತು. ಗಂಡಿನ ದನಿ ಶೀತ ಹಿಡಿದ ಗಂಟಲಿನಂತೆ ಒಡಕು, ಮೆಲ್ಲಗೆ. ಮರಿಗಳಿಗೆ ಆರೆಂಟು ವಾರವಾಗುವ ಹೊತ್ತಿಗೆ ದನಿಯಿಂದಲೇ ಹೆಣ್ಣು ಗಂಡು ಗುರುತಿಸಬಹುದು. ಗಂಡಿನ ಬಾಲದ ಮೇಲಿನ ಸುರುಳಿ ಗರಿ ಬರುವುದು ಅದಕ್ಕಿಂತ ತಡವಾಗಿ. ಮೊಟ್ಟೆಯ ಆಸೆ ಇಲ್ಲದವರು ಎರಡು ಗಂಡುಗಳನ್ನೇ ಸಾಕಿದರೆ ಸದ್ದಿನ ಸಮಸ್ಯೆ ಬಹುಮಟ್ಟಿಗೆ ಇರುವುದಿಲ್ಲ. ಹೆಣ್ಣುಗಳಿದ್ದರೆ ಗೂಡನ್ನು ಪಕ್ಕದ ಮನೆಯ ಗೋಡೆಯಿಂದ ದೂರವಿಟ್ಟು, ಬೆಳಕು ಬೇಗ ಒಳನುಗ್ಗದಂತೆ ಮರೆಮಾಡಿ. ಕೂಗಿದ ಕೂಡಲೇ ಓಡಿಹೋಗಿ ಆಹಾರ ಹಾಕುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ, ಏಕೆಂದರೆ ಕೂಗಿದರೆ ಊಟ ಬರುತ್ತದೆ ಎಂಬುದನ್ನು ಬಾತು ಬಹಳ ಬೇಗ ಕಲಿಯುತ್ತದೆ.

ವಾಸನೆಗೆ ಮೂಲ ಹಿಕ್ಕೆಗಿಂತ ಹೆಚ್ಚಾಗಿ ಚೆಲ್ಲಿದ ನೀರು. ಬಾತಿನ ಹಿಕ್ಕೆಯೇ ತೆಳು. ಸಾಲದ್ದಕ್ಕೆ ನೀರಿನ ಪಾತ್ರೆಯನ್ನೂ ಗೂಡಿನೊಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಹಾಸು ಕೆಸರಾಗುತ್ತದೆ. ಹಗಲಿನ ನೀರಿನ ತೊಟ್ಟಿಯನ್ನು ಜಲ್ಲಿ ತುಂಬಿದ ತಗ್ಗಿನ ಮೇಲೆ ಜಾಲರಿ ಹಾಸಿ ಇಡಿ, ತುಳುಕಿದ್ದು ಕೆಳಗೆ ಬಸಿದುಹೋಗುತ್ತದೆ. ತೊಟ್ಟಿ ದೊಡ್ಡದಿರಬೇಕೆಂದಿಲ್ಲ, ತಲೆ ಪೂರ್ತಿ ಮುಳುಗುವಂತೆ 15 ಸೆಂಟಿಮೀಟರಿನಷ್ಟು ಆಳ ಬೇಕೇ ಬೇಕು, ಇಲ್ಲವಾದರೆ ಕಣ್ಣು, ಮೂಗು ತೊಳೆಯಲಾಗದೆ ಪಿಸುರು ಕಟ್ಟುತ್ತದೆ. ಪ್ರತಿದಿನ ಅದನ್ನು ಖಾಲಿ ಮಾಡಿ ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಸುರಿಯಿರಿ, ಒಳ್ಳೆಯ ಗೊಬ್ಬರ. ನಿಂತ ನೀರಿನ ಸೊಳ್ಳೆಯ ಕಾಟವೂ ತಪ್ಪುತ್ತದೆ. ಹಾಸಿಗೆ ಭತ್ತದ ಹೊಟ್ಟು ಅಥವಾ ಬೈಹುಲ್ಲು ಸಾಕು. ಪಕ್ಕದ ಮನೆಯವರು ಮೊಟ್ಟೆ ತಿನ್ನುವವರಾದರೆ ವಾರಕ್ಕೊಮ್ಮೆ ನಾಲ್ಕು ಮೊಟ್ಟೆ ಕೊಟ್ಟು ನೋಡುವುದೂ ಒಂದು ದಾರಿ.

ಪ್ರಶ್ನೆ: ನಮ್ಮ ಖಾಕಿ ಕ್ಯಾಂಪ್‌ಬೆಲ್ ಬಾತುಗಳು ದಿನವೂ ಮೊಟ್ಟೆ ಇಡುತ್ತವೆ, ಕಾವಿಗೆ ಮಾತ್ರ ಕೂರುವುದಿಲ್ಲ. ಕೋಳಿಗೆ ಇಟ್ಟರೆ 22ನೆಯ ದಿನವಾದರೂ ಮರಿಯಾಗಲಿಲ್ಲ. ಮೊಟ್ಟೆ ಕೆಟ್ಟಿತೆಂದು ಎಸೆಯಬೇಕೆ? (ಪುತ್ತೂರು)

ಉತ್ತರ: ದಯವಿಟ್ಟು ಎಸೆಯಬೇಡಿ. ಕೋಳಿಯ ಮೊಟ್ಟೆಗೆ 21 ದಿನವಾದರೆ ಬಾತಿನ ಮೊಟ್ಟೆಗೆ 28 ದಿನ. ಮಸ್ಕೊವಿ ಜಾತಿಯದಾದರೆ 35. ಖಾಕಿ ಕ್ಯಾಂಪ್‌ಬೆಲ್ ಇಂಗ್ಲೆಂಡಿನಲ್ಲಿ ಮೊಟ್ಟೆಗಾಗಿಯೇ ರೂಪಿಸಿದ ತಳಿ. ವರ್ಷಕ್ಕೆ 280–300 ಮೊಟ್ಟೆ ಇಡಬಲ್ಲ ಈ ಬಾತಿನಲ್ಲಿ ಕಾವು ಕೂರುವ ಗುಣ ಬಹುತೇಕ ಅಳಿದಿದೆ. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಮೂಲಕ ನಮ್ಮ ರಾಜ್ಯದ ಅನೇಕ ಮನೆಗಳಿಗೆ ಬಂದಿರುವುದೂ ಇದೇ ತಳಿ.

ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿಗೆ ಮೊಟ್ಟೆಯ ಅಗಲ ತುದಿಯನ್ನು ಒತ್ತಿ ಹಿಡಿಯಿರಿ. ಜೀವವಿರುವ ಮೊಟ್ಟೆ ಈ ಹಂತದಲ್ಲಿ ಬಹುಪಾಲು ಕಪ್ಪಾಗಿದ್ದು, ಅಗಲ ತುದಿಯಲ್ಲಿ ಗಾಳಿಯ ತಿಳಿ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಅದರ ಅಂಚಿನಲ್ಲಿ ಕೆಂಪು ನರಗಳು, ಕೆಲವೊಮ್ಮೆ ಸಣ್ಣ ಮಿಸುಕಾಟ. ಪೂರ್ತಿ ತಿಳಿಯಾಗಿದ್ದರೆ ಅದು ಗಂಡಿನ ಸಂಪರ್ಕವಿಲ್ಲದ ಬರಡು ಮೊಟ್ಟೆ. ಬಾತು ತಾನೇ ಕಾವು ಕೂತರೆ ಒದ್ದೆ ಮೈಯಲ್ಲಿ ಗೂಡಿಗೆ ಮರಳುತ್ತದೆ, ಕೋಳಿಯ ಮೈ ಸದಾ ಒಣ. ಆದ್ದರಿಂದ ಕೋಳಿ ಮೇಯಲು ಎದ್ದಾಗ ಮೊಟ್ಟೆಗಳ ಮೇಲೆ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಚಿಮುಕಿಸಿ. ಒಂದು ವಾರ ಹೆಚ್ಚು ಕೂರಬೇಕಾದ ಕೋಳಿಗೆ ಕಾಳು, ನೀರು ಹತ್ತಿರದಲ್ಲೇ ಇರಲಿ. ಮರಿಗಳು ಹೊಂಡಕ್ಕಿಳಿದ ದಿನ ಆ ತಾಯಿ ದಡದಲ್ಲಿ ಪಡುವ ಪಾಡಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಪ್ರಶ್ನೆ: ಒಂದೇ ಗೂಡಿನಲ್ಲಿ ಕೋಳಿ, ಬಾತು ಎರಡನ್ನೂ ಇಡಬಹುದೆ? ನಮ್ಮ ಗಂಡು ಬಾತು ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. (ಭದ್ರಾವತಿ)

ಉತ್ತರ: ಬೇರ್ಪಡಿಸಿ, ಇವತ್ತೇ. ಗಂಡು ಬಾತಿನ ಜನನಾಂಗದ ರಚನೆ ಹುಂಜಕ್ಕಿಂತ ಪೂರ್ತಿ ಬೇರೆ. ಹೇಂಟೆಗೆ ಒಳಗಾಯವಾಗಿ ಸಾಯುವ ಅಪಾಯವಿದೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಬಾತುಗಳಿದ್ದರೆ ಅದರ ಉಪದ್ರವ ಕಡಿಮೆಯಾಗುತ್ತದೆ. ಗಂಡುಗಳು ಹೆಚ್ಚಾದರೆ ಹೆಣ್ಣುಗಳ ಕತ್ತಿನ ಗರಿ ಕಿತ್ತು ಗಾಯವಾಗುತ್ತದೆ.

ಪ್ರಶ್ನೆ: ಕೇರಳದಲ್ಲಿ ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಮನೆಯವರು ನಮ್ಮ ಆರು ಬಾತುಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಭಯಪಡಬೇಕೆ? (ಮಂಗಳೂರು)

ಉತ್ತರ: ಮನೆಯವರ ಭಯ ಆಧಾರವಿಲ್ಲದ್ದಲ್ಲ. ಕೇರಳದ ಕುಟ್ಟನಾಡಿನ ಬಾತುಗಳಲ್ಲಿ 2014ರ ನವೆಂಬರಿನಲ್ಲಿ, 2021ರ ಜನವರಿಯಲ್ಲಿ, ಮತ್ತೆ 2024ರ ಏಪ್ರಿಲಿನಲ್ಲಿ ಈ ರೋಗ ಕಾಣಿಸಿಕೊಂಡಿತು. ಅಲ್ಲಿ ದೊಡ್ಡ ಹಿಂಡುಗಳು ಕೊಯ್ಲು ಮುಗಿದ ಗದ್ದೆಗಳಲ್ಲಿ ಮೇಯುತ್ತ, ವಲಸೆ ಹಕ್ಕಿಗಳೊಡನೆ ಅದೇ ನೀರನ್ನು ಹಂಚಿಕೊಳ್ಳುತ್ತವೆ. ನಮ್ಮಲ್ಲಿಯೂ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ ಪತ್ತೆಯಾಗಿತ್ತು. ಕೋಳಿಗೆ ಈ ರೋಗ ತಗುಲಿದರೆ ಒಂದೆರಡು ದಿನದಲ್ಲಿ ಗೂಡಿಗೆ ಗೂಡೇ ಖಾಲಿಯಾಗುವುದರಿಂದ ಗೊತ್ತಾಗದೆ ಇರುವುದಿಲ್ಲ. ಬಾತು ಹಾಗಲ್ಲ. ಕೆಲವು ವೈರಾಣು ಬಗೆಗಳು ಬಾತನ್ನೂ ಕೊಲ್ಲುತ್ತವೆ. ಇನ್ನು ಕೆಲವು ಬಾರಿ ನೋಡಲು ಆರೋಗ್ಯವಾಗಿಯೇ ಇರುವ ಬಾತು ಹಿಕ್ಕೆಯ ಮೂಲಕ ವೈರಾಣುವನ್ನು ಚೆಲ್ಲುತ್ತಿರಬಹುದು.

ಆದರೂ ಬೇಲಿಯೊಳಗೆ ಇರುವ ಆರು ಬಾತುಗಳನ್ನು ಕೊಟ್ಟುಬಿಡುವುದು ಅನಗತ್ಯ. ಸುದ್ದಿಯಿರುವ ಸಮಯದಲ್ಲಿ ಹಕ್ಕಿಗಳನ್ನು ಊರಿಂದೂರಿಗೆ ಸಾಗಿಸುವುದೇ ಹೆಚ್ಚು ಅಪಾಯ. ಅವನ್ನು ಕೆರೆಗೆ, ಗದ್ದೆಗೆ ಬಿಡಬೇಡಿ. ಕಾಗೆ, ಕೊಕ್ಕರೆ ಬಂದು ಪಾಲು ಪಡೆಯದಂತೆ ಆಹಾರವನ್ನು ಮಾಡಿನಡಿ ಹಾಕಿ. ಗೂಡಿಗೆ ಹೋಗುವ ಚಪ್ಪಲಿ ಬೇರೆ ಇರಲಿ, ಅದು ಮನೆಯ ಹೊಸ್ತಿಲು ದಾಟದಿರಲಿ. ಮಕ್ಕಳು ಬಾತನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ. ಮುಖಕ್ಕೆ ಮುಖವಿಟ್ಟು ಮುದ್ದಾಡಲು ಯಾವ ಕಾಲದಲ್ಲೂ ಅವರನ್ನು ಬಿಡಬೇಡಿ, ಏಕೆಂದರೆ ಹಕ್ಕಿಜ್ವರವಿಲ್ಲದ ದಿನಗಳಲ್ಲೂ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಹೊಸ ಬಾತು ತಂದರೆ ಮೂರು ವಾರ ಪ್ರತ್ಯೇಕವಾಗಿಡಿ. ಒಂದಕ್ಕಿಂತ ಹೆಚ್ಚು ಬಾತುಗಳು ದಿಢೀರನೆ ಸತ್ತರೆ, ಕತ್ತು ತಿರುಚಿಕೊಂಡು ಸುತ್ತತೊಡಗಿದರೆ, ಕಣ್ಣಿನ ಮೇಲೆ ಬಿಳಿ ಪೊರೆ ಕಂಡರೆ, ಸತ್ತದ್ದನ್ನು ಕೊಯ್ದು ನೋಡದೆ, ಹೊಳೆಗೆ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಿ. ರೋಗವನ್ನು ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ. ಖಚಿತವಾದರೆ ಸುತ್ತಲಿನ 1 ಕಿಲೋಮೀಟರಿನೊಳಗಿನ ಸಾಕುಹಕ್ಕಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರಿನವರೆಗೆ ನಿಗಾ ಇಡುತ್ತಾರೆ. ಪರಿಹಾರಧನ ಸಿಗುತ್ತದೆ, ಆದರೆ ಮುದ್ದಿನಿಂದ ಸಾಕಿದವರಿಗೆ ಅದು ಸಮಾಧಾನವಲ್ಲ ಎಂಬುದು ನನಗೆ ಗೊತ್ತು. ಬಚ್ಚಿಡುವುದು ಮಾತ್ರ ಬೇಡ.

ಮನೆಯ ಬಾತುಗಳನ್ನು ಕಾಡುವ ಇನ್ನೊಂದು ದೊಡ್ಡ ರೋಗ ಬಾತಿನ ಪ್ಲೇಗ್. ಅದಕ್ಕೆ ಲಸಿಕೆ ಇದೆ, 8ರಿಂದ 12 ವಾರದ ವಯಸ್ಸಿನಲ್ಲಿ ಹಾಕಿಸಬೇಕು. ಆರೇ ಬಾತು ಇದ್ದವರು ಒಂದು ಸೀಸೆ ಲಸಿಕೆಗಾಗಿ ಸುತ್ತಲಿನ ಮನೆಗಳವರೊಡನೆ ಸೇರಿಕೊಂಡು ಕೇಳುವುದು ಅನುಕೂಲ.

ಪ್ರಶ್ನೆ: ಬಾತಿನ ಮೊಟ್ಟೆ ತಂಪು, ಮೂಲವ್ಯಾಧಿಗೆ ಒಳ್ಳೆಯದು, ಹಸಿಯಾಗಿಯೇ ಕುಡಿಯಬೇಕು ಎಂದು ಅತ್ತೆಯವರು ಹೇಳುತ್ತಾರೆ. ನಿಜವೆ? (ಕಾರವಾರ)

ಉತ್ತರ: ಬೇಯಿಸಿ ತಿನ್ನಿ ಎಂಬುದಷ್ಟೇ ವೈದ್ಯನಾಗಿ ನಾನು ಹೇಳಬಹುದಾದದ್ದು, ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕು ಬರಬಹುದು. ಬಾತು ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ, ಹೆಚ್ಚಿನಂಶ ಒಂಬತ್ತು ಗಂಟೆಯೊಳಗೆ, ನೆಲದ ಹಾಸಿನ ಮೇಲೆಯೇ ಮೊಟ್ಟೆ ಇಡುತ್ತದೆ. ಅಲ್ಲಿ ಹಿಕ್ಕೆ ಅಂಟುವ ಸಾಧ್ಯತೆ ಹೆಚ್ಚು. ಬೆಳಗ್ಗೆ ಬಾತುಗಳನ್ನು ಹೊರಗೆ ಬಿಡುವುದನ್ನು ಸ್ವಲ್ಪ ತಡಮಾಡಿದರೆ ಮೊಟ್ಟೆಗಳು ತೋಟದ ಪಾಲಾಗದೆ ಗೂಡಿನಲ್ಲೇ ಸಿಗುತ್ತವೆ. ಕೋಳಿಮೊಟ್ಟೆಗಿಂತ ದೊಡ್ಡದು, ಸುಮಾರು 70 ಗ್ರಾಂ. ಹಳದಿಯ ಪಾಲು ಹೆಚ್ಚಿರುವುದರಿಂದ ಕೊಬ್ಬೂ ಹೆಚ್ಚು. ಆಮ್ಲೆಟ್ಟಿಗೂ ಕೇಕಿಗೂ ಬಹಳ ರುಚಿ.

ಪ್ರಶ್ನೆ: ಕಾಫಿ ತೋಟದ ಮನೆಯಲ್ಲಿ ಬಸವನಹುಳುವಿನ ಕಾಟಕ್ಕೆ ಬಾತು ಸಾಕಿದರೆ ಒಳ್ಳೆಯದೆಂದು ಕೇಳಿದ್ದೇವೆ. ತರಬಹುದೆ? (ಸೋಮವಾರಪೇಟೆ)

ಉತ್ತರ: ಸಣ್ಣ ಬಸವನಹುಳು, ಗೊಂಡೆಹುಳು, ಅವುಗಳ ಮೊಟ್ಟೆ ಇವನ್ನು ಬಾತು ತರಗೆಲೆ ಕೆದಕಿ ಹುಡುಕಿ ತಿನ್ನುತ್ತದೆ, ಮಳೆ ಬಿಟ್ಟ ಬೆಳಗ್ಗೆ ಬಾತುಗಳ ಸಾಲು ಗಿಡದ ಬುಡದಿಂದ ಬುಡಕ್ಕೆ ತಲೆಯಾಡಿಸುತ್ತ ಸಾಗುವುದು ನೋಡಲು ಚೆಂದ. ಆಫ್ರಿಕಾದ ದೈತ್ಯ ಬಸವನಹುಳು ಬೆಳೆದ ಮೇಲೆ ಬಾತಿನ ಬಾಯಿಗೆ ಹಿಡಿಸುವುದಿಲ್ಲ, ಅದನ್ನು ಕೈಯಿಂದ ಆರಿಸುವ ಕೆಲಸ ನಿಮಗೆ ತಪ್ಪದು. ಹುಳುವಿಗೆ ವಿಷದ ಗುಳಿಗೆ ಎರಚಿದ ತೋಟಕ್ಕೆ ಬಾತನ್ನು ಬಿಡಲೇಬೇಡಿ. ಸೊಪ್ಪಿನ ಮಡಿಗೆ ಬೇಲಿ ಇರಲಿ, ಎಳೆ ಸಸಿಯನ್ನು ಅವು ಹುಳುವಿಗಿಂತ ಚೆನ್ನಾಗಿ ಮುಗಿಸುತ್ತವೆ. ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕಾದದ್ದು, ಮರದಡಿ ಉದುರಿದ ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ. ಬೇಲಿಗೆ ಹೊಡೆದ ತಂತಿಯ ತುಂಡು, ಮೊಳೆಗಳನ್ನೂ ಆರಿಸಿಬಿಡಿ. ಹೊಳೆಯುವುದನ್ನೆಲ್ಲ ಬಾತು ನುಂಗಿ ನೋಡುತ್ತದೆ.

ರಾತ್ರಿ ಗೂಡಿನ ಭದ್ರತೆಯಲ್ಲಿ ಜಿಪುಣತನ ಮಾಡಬೇಡಿ. ಬಾತು ಕೋಳಿಯಂತೆ ಅಟ್ಟಕ್ಕೆ ಹತ್ತದೆ ನೆಲದ ಮೇಲೆಯೇ ಮಲಗುತ್ತದೆ. ಮುಂಗುಸಿ, ಕಾಡುಬೆಕ್ಕು, ನಾಯಿ, ಹೆಬ್ಬಾವು ಎಲ್ಲಕ್ಕೂ ಸುಲಭದ ತುತ್ತು. ತೆಳು ಕೋಳಿಬಲೆಯನ್ನು ನಾಯಿ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿಸಿ, ಅದರ ಅಡಿಯನ್ನು ಒಂದಡಿ ಮಣ್ಣಿನೊಳಗೆ ಹೂತುಬಿಡಿ.

ಪ್ರಶ್ನೆ: ಕೆರೆಯಂಚಿನ ಹುಲ್ಲಿನಲ್ಲಿ ಕಾಡುಬಾತಿನ ಮೊಟ್ಟೆಗಳಿವೆ. ತಂದು ಕೋಳಿಗೆ ಕಾವಿಗಿಟ್ಟು ಸಾಕಬಹುದೆ? (ಹಾವೇರಿ)

ಉತ್ತರ: ಸಾಕುವಂತಿಲ್ಲ. ಚುಕ್ಕೆಕೊಕ್ಕಿನ ಬಾತು, ಶಿಳ್ಳೆಬಾತು ಮುಂತಾದ ನಮ್ಮ ಕಾಡುಬಾತುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಸಹ ಆ ಕಾಯ್ದೆಯಲ್ಲಿ ಅಪರಾಧ. ನಾಯಿಗಳು ಆ ಕಡೆ ಸುಳಿಯದಂತೆ ನೋಡಿಕೊಂಡು ದೂರದಿಂದಲೇ ಗಮನಿಸಿ.

ಪ್ರಶ್ನೆ: ನಾಲ್ಕು ವರ್ಷದ ನಮ್ಮ ಬಾತು ಮೊಟ್ಟೆ ನಿಲ್ಲಿಸಿದೆ, ರೆಕ್ಕೆಯ ಗರಿಗಳೆಲ್ಲ ಒಟ್ಟಿಗೆ ಉದುರಿವೆ. ವಯಸ್ಸಾಯಿತೆ? ಇನ್ನು ಸಾಕಿ ಏನು ಪ್ರಯೋಜನವೆಂದು ಯಜಮಾನರು ಕೇಳುತ್ತಿದ್ದಾರೆ. (ಧಾರವಾಡ)

ಉತ್ತರ: ಇದು ವರ್ಷಕ್ಕೊಮ್ಮೆ ಗರಿ ಬದಲಿಸುವ ಕಾಲ. ಬಾತು ಹಾರುಗರಿಗಳನ್ನು ಒಂದೊಂದಾಗಿ ಕಳೆದುಕೊಳ್ಳದೆ ಒಮ್ಮೆಗೇ ಉದುರಿಸುತ್ತದೆ, ನೋಡಿದವರಿಗೆ ರೋಗವೆನ್ನಿಸುವುದು ಸಹಜ. ಹೊಸ ಗರಿ ಕಟ್ಟಲು ಪ್ರೋಟೀನ್ ಬೇಕಾಗುವುದರಿಂದ ಮೊಟ್ಟೆ ನಿಲ್ಲುತ್ತದೆ. ಬೇಯಿಸಿದ ಕಾಳು, ಮೀನು ಸ್ವಲ್ಪ ಹೆಚ್ಚು ಕೊಡಿ. ಮೂಡುತ್ತಿರುವ ಗರಿಯ ಬುಡದಲ್ಲಿ ರಕ್ತವಿರುವುದರಿಂದ ರೆಕ್ಕೆ ಹಿಡಿದು ಎತ್ತಬೇಡಿ. ಎರಡು ತಿಂಗಳೊಳಗೆ ಮೊಟ್ಟೆ ಮತ್ತೆ ಆರಂಭವಾಗಬಹುದು, ಆದರೆ ಮೊದಲೆರಡು ವರ್ಷಗಳಷ್ಟು ಸಿಗದು. ಚೆನ್ನಾಗಿ ನೋಡಿಕೊಂಡ ಬಾತು ಎಂಟು–ಹತ್ತು ವರ್ಷ ಬದುಕುತ್ತದೆ ಎಂಬುದನ್ನು ತರುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು ಎಂದು ಯಜಮಾನರಿಗೆ ತಿಳಿಸಿ. ಮೊಟ್ಟೆ ಬೇಕೇ ಬೇಕೆಂದರೆ ಎರಡು ಎಳೆಯ ಹೆಣ್ಣುಗಳನ್ನು ತಂದು ಜೊತೆಗೆ ಬಿಡಿ. ಸಂಜೆಯಾದ ಕೂಡಲೇ ಗೂಡಿಗೆ ಹೋಗುವ ಅಭ್ಯಾಸವನ್ನು ಅವು ಈ ಹಿರಿಯಳನ್ನು ನೋಡಿಯೇ ಕಲಿಯುತ್ತವೆ, ನೀವು ಕೋಲು ಹಿಡಿದು ಅಂಗಳ ಸುತ್ತುವುದು ತಪ್ಪುತ್ತದೆ.